ಓರೆಯಾಗಿ ಕಂಡ ಜೋಡಿ ಚುಕ್ಕಿ

ಮಂಗಳನಿಗೂ ಗುರುವಿಗೂ ನಡುವೆ ಸುತ್ತುತ್ತಿರುವ ಲಕ್ಷಾಂತರ ಕಲ್ಲುಗಳಲ್ಲಿ ಒಂದು ನನ್ನ ದಡ್ಡತನವನ್ನು ಹೊತ್ತುಕೊಂಡು ತಿರುಗುತ್ತಿದೆ. ಅಡ್ಡಗಲ ಏಳು ಕಿಲೋಮೀಟರ್ ಇದ್ದೀತು. ಸೂರ್ಯನನ್ನು ಒಂದು ಸಲ ಸುತ್ತಿ ಬರಲು ನಾಲ್ಕು ವರ್ಷ, ಒಂದು ತಿಂಗಳು. ಬೇರೆಯವರ ತಪ್ಪುಗಳು ಊರಿನಲ್ಲಿ ಒಂದು ವಾರ ಸುತ್ತಿ ಸುಸ್ತಾಗಿ ಮಲಗುತ್ತವೆ. ನನ್ನದು ಇನ್ನೂ ಕೆಲವು ಕೋಟಿ ವರ್ಷ ಸುತ್ತುತ್ತದೆ ಎಂದು ಲೆಕ್ಕ ಬಲ್ಲವರು ಹೇಳುತ್ತಾರೆ. ಅದರ ಹೆಸರು ಸೈಮಿ. ಹೆಸರಿನಲ್ಲಿ ಏನೂ ದೋಷವಿಲ್ಲ. ಒಳ್ಳೆಯ ಹೆಸರು, ಒಳ್ಳೆಯ ಹೆಂಗಸಿನದು. ಅದು ಆ ಕಲ್ಲಿನ ಮೇಲೆ ಇರಬಾರದಿತ್ತು, ಅಷ್ಟೇ.

ಸೈಮಿ ವೂರೆಲಾ ತೀರಿಕೊಂಡು ಮೂರು ವರ್ಷವಾಯಿತು. ಊರ ಪತ್ರಿಕೆಯವರು ಕೇಳಿದಾಗ ನಾನು ಆರು ಸಾಲು ಬರೆದುಕೊಟ್ಟಿದ್ದೆ: ಗುಡ್ಡದ ಮೇಲಿನ ವೀಕ್ಷಣಾಲಯದಲ್ಲಿ ಮೂವತ್ತೇಳು ವರ್ಷ ಕೆಲಸ ಮಾಡಿದರು, ಅವರ ಹೆಸರಿನಲ್ಲಿ ಒಂದು ಕ್ಷುದ್ರಗ್ರಹ ಇದೆ, ಇತ್ಯಾದಿ. ಎಲ್ಲವೂ ನಿಜ. ಆದರೆ ಆ ಆರು ಸಾಲು ಓದಿದವರು ಸೈಮಿ ಅದೃಷ್ಟವಂತೆ ಎಂದುಕೊಂಡರು. ಅದಕ್ಕೇ ಈಗ ಉಳಿದದ್ದನ್ನೂ ಬರೆಯುತ್ತಿದ್ದೇನೆ.

ಆ ಮೂವತ್ತೇಳು ವರ್ಷದಲ್ಲಿ ಸೈಮಿ ಒಂದು ಸಲವೂ ದೂರದರ್ಶಕಕ್ಕೆ ಕಣ್ಣಿಟ್ಟವರಲ್ಲ. ಅದು ಗಂಡಸರ ಕೆಲಸ ಎಂದು ನಮ್ಮಲ್ಲಿ ನಂಬಿಕೆ. ನಾವು ತುಪ್ಪಳದ ಕೋಟು ತೊಟ್ಟು ಗುಮ್ಮಟದೊಳಗೆ ಹೋಗುವುದು, ಗಡ್ಡದಲ್ಲಿ ಮಂಜು ಕಟ್ಟಿಸಿಕೊಂಡು ಹೊರಗೆ ಬರುವುದು, ಆಮೇಲೆ ಚಳಿ ಎಷ್ಟು ಡಿಗ್ರಿ ಇತ್ತು ಎಂದು ಒಬ್ಬರಿಗಿಂತ ಒಬ್ಬರು ಹೆಚ್ಚು ಹೇಳುವುದು. ಸೈಮಿಯ ಕೆಲಸ ಶುರುವಾಗುತ್ತಿದ್ದದ್ದು ಬೆಳಿಗ್ಗೆ ಎಂಟಕ್ಕೆ, ಕೆಳಗಿನ ಅಳತೆಯ ಕೋಣೆಯಲ್ಲಿ, ನಾವು ತೆಗೆದಿಟ್ಟ ಗಾಜಿನ ಫಲಕದ ಮುಂದೆ.

ಒಂದೇ ಫಲಕದ ಮೇಲೆ ಒಂದೇ ಆಕಾಶವನ್ನು ಎರಡು ಸಲ ಹಿಡಿಯುವುದು ನಮ್ಮ ವೀಕ್ಷಣಾಲಯದ ಪದ್ಧತಿ. ಎರಡರ ನಡುವೆ ಒಂದೆರಡು ಗಂಟೆ ಬಿಟ್ಟು, ಫಲಕವನ್ನು ಕೂದಲೆಳೆಯಷ್ಟು ಜರುಗಿಸುತ್ತೇವೆ. ಹೀಗಾಗಿ ಪ್ರತಿಯೊಂದು ನಕ್ಷತ್ರವೂ ಒಂದರ ಮೇಲೊಂದು ಹೊಲಿದ ಎರಡು ಗುಂಡಿಗಳ ಹಾಗೆ ಕಾಣುತ್ತದೆ. ನಕ್ಷತ್ರಗಳು ಕದಲುವುದಿಲ್ಲ, ಆದ್ದರಿಂದ ಅವುಗಳ ಜೋಡಿ ನೆಟ್ಟಗೆ ನಿಂತಿರುತ್ತದೆ. ಆ ಎರಡು ಗಂಟೆಯಲ್ಲಿ ಏನಾದರೂ ಚಲಿಸಿದ್ದರೆ ಅದರ ಜೋಡಿ ಮಾತ್ರ ಓರೆ. ಹತ್ತು ಸಾವಿರ ನೆಟ್ಟಗಿನ ಜೋಡಿಗಳ ನಡುವೆ ಒಂದು ಓರೆಯನ್ನು ಹುಡುಕುವುದು, ಸಿಕ್ಕರೆ ಅಳೆಯುವುದು, ಅಳೆದದ್ದನ್ನು ಪುಸ್ತಕದಲ್ಲಿ ಬರೆಯುವುದು ಸೈಮಿಯ ಕೆಲಸ.

ಕೀರ್ತಿಯೆಲ್ಲ ಫಲಕ ತೆಗೆದವನಿಗೆ. ಲೋಕದ ಪಟ್ಟಿಯಲ್ಲಿ ಕಂಡುಹಿಡಿದವನು ಎಂದು ಅಚ್ಚಾಗುವುದು ಅವನ ಹೆಸರು. ಫಲಕದ ಮೇಲೆ ಅದನ್ನು ನಿಜವಾಗಿ ನೋಡಿದವರಿಗೆ ಅಳತೆ ಪುಸ್ತಕದಲ್ಲಿ ಒಂದು ಸಣ್ಣ ಅಂಕಣವಿದೆ: ‘ಕಂಡವರು’. ಅದರಲ್ಲಿ ಹೆಸರಿನ ಮೊದಲ ಎರಡಕ್ಷರ ಹಾಕಿ ಪುಸ್ತಕವನ್ನು ಬೀರುವಿನಲ್ಲಿಟ್ಟರೆ ಮುಗಿಯಿತು. ಇಲಿಗಳು ಕೂಡ ಅದನ್ನು ಓದುವುದಿಲ್ಲ.

ಈಗ ಹೇಳುವುದು ಸಾವಿರದ ಒಂಬೈನೂರ ಐವತ್ತನಾಲ್ಕರ ಮಾರ್ಚ್ ತಿಂಗಳ ಮಾತು. ಆಗ ನಾನು ಇನ್ನೂ ಒಂಬತ್ತು ವರ್ಷದವನು. ಇದನ್ನೆಲ್ಲ ನಾನು ಸೈಮಿಯ ಬಾಯಿಂದ ಕೇಳಿದ್ದು ಮೂವತ್ತು ವರ್ಷ ತಡವಾಗಿ. ಆದರೆ ನೀವು ಈಗಲೇ ಕೇಳಿಬಿಡಿ, ನನ್ನ ಹಾಗೆ ಕುರುಡಾಗಿ ಮುಂದೆ ಹೋಗಬೇಡಿ.

ಸೈಮಿಗೆ ಒಬ್ಬಳು ಮಗಳಿದ್ದಳು, ಐಲಿ, ಆರು ವರ್ಷದವಳು. ಅವಳನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಅಜ್ಜಿ ಆ ದಿನ ಹಿಮದ ಮೇಲೆ ಜಾರಿ ಕೈ ಮುರಿದುಕೊಂಡಳು. ಬೇರೆ ದಾರಿಯಿಲ್ಲದೆ ಸೈಮಿ ಮಗಳನ್ನು ಗುಡ್ಡಕ್ಕೆ ಕರೆತಂದು, ಅಳತೆಯ ಕೋಣೆಯ ಮೇಜಿನ ಕೆಳಗೆ ಕೂರಿಸಿದರು. ಆ ಕೋಣೆಗೆ ಮಕ್ಕಳನ್ನು ಬಿಡುವಂತಿರಲಿಲ್ಲ. ಗಾಜು ಒಡೆದೀತು, ಬೆರಳ ಗುರುತು ಬಿದ್ದೀತು, ಉಸಿರಿನ ಮಂಜು ಕೂತೀತು. ನಮ್ಮ ನಿರ್ದೇಶಕ ತೊರ್ಕೆಲಿ ಡಾಕ್ಟರು ಸೀನು ಬಂದರೂ ಹೊರಗೆ ಹೋಗಿ ಸೀನಿ ಬರುತ್ತಿದ್ದರು.

ಹತ್ತು ಗಂಟೆಗೆ ಎಲ್ಲರೂ ಕಾಫಿಗೆ ಹೋದಾಗ ಐಲಿ ಮೇಜಿನ ಕೆಳಗಿಂದ ಹೊರಗೆ ಬಂದು ಕುರ್ಚಿ ಹತ್ತಿ, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಮಸೂರಕ್ಕೆ ಕಣ್ಣಿಟ್ಟಳು.

“ಅಮ್ಮ, ಇದು ವಾಲ್ಕೊಂಡಿದೆ.”

“ಯಾವ್ದು?”

“ಎಲ್ಲಾ ನೆಟ್ಟಗೆ ನಿಂತಿವೆ. ಇವೆರಡು ಮಾತ್ರ ವಾಲ್ಕೊಂಡಿವೆ. ಬಿದ್ದೋಗ್ತಾವಾ?”

ಆ ಜಾಗವನ್ನು ಸೈಮಿ ಬೆಳಿಗ್ಗೆಯೇ ಎರಡು ಸಲ ನೋಡಿ ಏನೂ ಇಲ್ಲವೆಂದು ಮುಂದೆ ಹೋಗಿದ್ದರು. ಈಗ ನೋಡಿದರೆ ಇತ್ತು. ಬಹಳ ಮಸುಕು, ಆದರೆ ಓರೆ.

“ಬೀಳಲ್ಲ. ಅದು ಎಲ್ಲಿಗೋ ಹೋಗ್ತಾ ಇದೆ, ಅದಕ್ಕೇ ಹಾಗೆ.”

“ಎಲ್ಲಿಗೆ?”

“ದೊಡ್ಡದೊಂದು ಸುತ್ತು ಹಾಕ್ಕೊಂಡು ವಾಪಸ್ ಇಲ್ಲಿಗೇ ಬರುತ್ತೆ.”

“ಅದರ ಹೆಸ್ರೇನು?”

“ಇನ್ನೂ ಇಲ್ಲ. ಮೊದ್ಲು ನಂಬರ್ ಬರ್ಬೇಕು, ಆಮೇಲೆ ಹೆಸ್ರು. ನೀನೇ ನೋಡಿದ್ದಲ್ವಾ, ನಿನ್ನ ಹೆಸ್ರೇ ಇಡೋಣ.”

“ನಂಬರ್ ಯಾವಾಗ ಬರುತ್ತೆ?”

“ನೀನು ದೊಡ್ಡ ಸ್ಕೂಲಿಗೆ ಸೇರೋ ಹೊತ್ತಿಗೆ.”

ಸೈಮಿ ಮಾತು ಕೊಡುವ ಜಾತಿಯವರಲ್ಲ. ನಾಳೆ ಬಿಸಿಲು ಬರುತ್ತದೆಯೇ ಎಂದು ಕೇಳಿದರೆ ನಾಳೆ ನೋಡೋಣ ಎನ್ನುವವರು. ಅಂಥವರು ಅಂದು ಒಂದು ಮಾತು ಕೊಟ್ಟರು. ಅಳತೆ ಪುಸ್ತಕ ತೆರೆದು ‘ಕಂಡವರು’ ಅಂಕಣಕ್ಕೆ ಬಂದಾಗ ಲೇಖನಿ ನಿಂತಿತು. ತಮ್ಮ ಎರಡಕ್ಷರ ಹಾಕಿದರೆ ಸುಳ್ಳು. ಮಗಳದು ಹಾಕಿದರೆ ಮಗಳು ಅಲ್ಲಿದ್ದಳೆಂದು ಒಪ್ಪಿಕೊಂಡಂತೆ. ಅಂಕಣವನ್ನು ಖಾಲಿ ಬಿಟ್ಟರು. ಮೂವತ್ತೇಳು ವರ್ಷದ ಪುಸ್ತಕಗಳಲ್ಲಿ ಖಾಲಿ ಉಳಿದದ್ದು ಅದೊಂದೇ.

ನಂಬರು ಎಂದರೆ ಸುಮ್ಮನೆ ಬರುವುದಲ್ಲ. ಆ ಕಲ್ಲು ಕೆಲವು ವರ್ಷ ಸುತ್ತಿ, ಪ್ರತಿ ಸಲವೂ ನಾವು ಹೇಳಿದ ಜಾಗದಲ್ಲಿ ಹೇಳಿದ ದಿನ ಹಾಜರಿ ಕೊಟ್ಟರೆ ಮಾತ್ರ ನಂಬರು. ಆ ವಸಂತದಲ್ಲಿ ನಾಲ್ಕು ಫಲಕಗಳ ಮೇಲೆ ಸಿಕ್ಕಿತು. ಆಮೇಲೆ ಮೋಡ. ಆಮೇಲೆ ಬೇಸಿಗೆ ಬಂತು, ನಮ್ಮ ಉತ್ತರದ ನಾಡಿನ ಕತ್ತಲೆಯೇ ಇಲ್ಲದ ರಾತ್ರಿಗಳು. ಕಲ್ಲು ಕಳೆದುಹೋಯಿತು. ಅಕ್ಟೋಬರಿನಲ್ಲಿ ಊರಿಗೆ ಪೋಲಿಯೋ ಬಂತು. ಐಲಿ ಐದು ದಿನ ಆಸ್ಪತ್ರೆಯಲ್ಲಿದ್ದಳು. ಆರನೆಯ ದಿನ ಇರಲಿಲ್ಲ.

ಸೈಮಿಯ ಗಂಡ ಹಡಗು ಕಟ್ಟುವ ಕಾರ್ಖಾನೆಯಲ್ಲಿ ವೆಲ್ಡರ್. ಮರುವರ್ಷ ಸ್ವೀಡನ್ನಿಗೆ ಕೆಲಸಕ್ಕೆಂದು ಹೋದವನು ಎರಡು ವರ್ಷ ಚಿತ್ರದ ಕಾರ್ಡು ಕಳಿಸಿದ. ಆಮೇಲೆ ಅದೂ ನಿಂತಿತು.

ಸೈಮಿ ಮಗಳನ್ನು ಕಳೆದುಕೊಂಡವರು ಎಂಬುದು ಗುಡ್ಡದ ಮೇಲೆ ಎಲ್ಲರಿಗೂ ಗೊತ್ತಿತ್ತು. ಆ ಕಲ್ಲಿನ ವಿಷಯ ಯಾರಿಗೂ ಗೊತ್ತಿರಲಿಲ್ಲ. ಹೇಳುವಂತೆಯೂ ಇರಲಿಲ್ಲ. ನಂಬರು ಬರುವ ಮೊದಲು ಹೆಸರು ಎತ್ತಬಾರದೆಂಬುದು ನಮ್ಮ ವೀಕ್ಷಣಾಲಯದ ಕಟ್ಟಳೆ. ತೊರ್ಕೆಲಿ ಡಾಕ್ಟರು ಒಮ್ಮೆ ಆತುರಪಟ್ಟು ತಮ್ಮ ಅತ್ತೆಯ ಹೆಸರನ್ನು ಒಂದಕ್ಕೆ ಇಟ್ಟು, ಅತ್ತೆಗೆ ಪತ್ರವನ್ನೂ ಬರೆದಿದ್ದರಂತೆ. ಮುಂದಿನ ವಾರ ನೋಡಿದರೆ ಅದು ಜರ್ಮನ್ನರು ಎಂದೋ ಕಂಡು, ಹೆಸರಿಟ್ಟು, ಮರೆತೂಬಿಟ್ಟಿದ್ದ ಹಳೆಯ ಕಲ್ಲು. ಅಂದಿನಿಂದ ಮುಂಚೆ ಹೆಸರೆತ್ತಿದವರು ಎಲ್ಲರಿಗೂ ಏಲಕ್ಕಿ ಬನ್ ಮಾಡಿಸಿಕೊಂಡು ಬರಬೇಕು. ಸೈಮಿ ಒಮ್ಮೆಯೂ ಬನ್ ತರಲಿಲ್ಲ.

ನಾನು ಅಲ್ಲಿಗೆ ಸೇರಿದ್ದು ಅರವತ್ತೊಂಬತ್ತರಲ್ಲಿ. ಲೆಕ್ಕದಲ್ಲಿ ಹಿಂದೆ, ಮಾತಿನಲ್ಲಿ ಮುಂದೆ. ಹೀಗಾಗಿ ನನ್ನನ್ನು ಮಾತಾಡಲು ಯಾರೂ ಇಲ್ಲದ ಗುಮ್ಮಟದೊಳಗೆ ಹಾಕಿದರು. ಅಳತೆ ಕಲಿಸಿದ್ದು ಸೈಮಿ. “ನೆನಪಿನಿಂದ ಏನೂ ಬರೀಬೇಡ. ನೋಡ್ತಾ ಇರೋವಾಗ ಬರಿ. ಆಮೇಲೆ ಬರೆದಿದ್ದು ಅಳತೆ ಅಲ್ಲ, ಕತೆ,” ಎನ್ನುತ್ತಿದ್ದರು. ನನ್ನ ಕೈಗೆ ಕತೆಯೇ ಚೆನ್ನಾಗಿ ಹತ್ತಿತು.

ಊಟದ ಹೊತ್ತಿನಲ್ಲಿ ಅವರು ರೈ ರೊಟ್ಟಿ ಕಚ್ಚುತ್ತ, ಹಿಡಿ ತಿರುಗಿಸುವ ಹಳೆಯ ಲೆಕ್ಕದ ಯಂತ್ರದ ಮುಂದೆ ಏನೋ ಲೆಕ್ಕ ಹಾಕುತ್ತಿರುತ್ತಿದ್ದರು.

“ಏನ್ ಹುಡುಕ್ತಾ ಇದ್ದೀರಿ?” ಎಂದೆ ಒಂದು ದಿನ.

“ಕಳ್ದೋಗಿರೋದನ್ನ.”

“ಕಳ್ದಿದ್ದು ಯಾರು?”

“ನಾನು.”

ಎಂಥ ಕೆಲಸದ ನಿಷ್ಠೆ ಎಂದು ಮೆಚ್ಚಿಕೊಂಡೆ. ವರ್ಷಕ್ಕೆ ಎರಡು ಮೂರು ಸಲ ಒಂದು ಚೀಟಿ ನನ್ನ ಕೈಗೆ ಬರುತ್ತಿತ್ತು: “ಆಕಾಶ ತಿಳಿಯಾಗಿದ್ರೆ ಇಲ್ಲೊಂದು ಫಲಕ ತೆಗಿ.” ಎಂಟು ವರ್ಷದಲ್ಲಿ ಹತ್ತೊಂಬತ್ತು ತೆಗೆದೆ, ಹತ್ತೊಂಬತ್ತು ಸಲವೂ ಗೊಣಗಿದೆ. ಎಪ್ಪತ್ತೇಳರ ನವೆಂಬರಿನಲ್ಲಿ, ಹತ್ತೊಂಬತ್ತನೆಯದರಲ್ಲಿ, ಅವರು ಲೆಕ್ಕ ಹಾಕಿದ ಜಾಗದಿಂದ ಕಿರುಬೆರಳ ದೂರದಲ್ಲಿ ಆ ಓರೆ ಜೋಡಿ ಸಿಕ್ಕಿತು. ಆ ದಿನ ಸೈಮಿ ಕಾಫಿಯ ಕೋಣೆಗೆ ಬಂದು ಎರಡನೆಯ ಬನ್ ತೆಗೆದುಕೊಂಡರು.

ಕಾಫಿ ಮಾಡಿ, ನೆಲ ಒರೆಸಿ, ನಮ್ಮೆಲ್ಲರನ್ನೂ ಬೈದು ಸಂಭಾಳಿಸುತ್ತಿದ್ದ ಹಿಲ್ಕಳ ಕಣ್ಣಿಗೆ ಅದು ಬಿತ್ತು. “ಸೈಮಿ, ಎರಡನೇದು ತಗೊಂಡೆಯಲ್ಲ. ಜ್ವರ ಗಿರ ಬಂದಿದೆಯಾ?”

“ಹಸಿವಾಗಿದೆ,” ಎಂದರು ಸೈಮಿ.

ಆಮೇಲಿನ ವರ್ಷಗಳಲ್ಲಿ ಕಲ್ಲು ತಪ್ಪದೆ ಹಾಜರಿ ಕೊಟ್ಟಿತು. ಎಂಬತ್ತನಾಲ್ಕರ ಜನವರಿಯಲ್ಲಿ ನಂಬರು ಬಂತು. ಅದನ್ನು ಹೊತ್ತ ಸುತ್ತೋಲೆ ನಂಬರು ಕೊಡುವ ಅಮೆರಿಕದ ಕಚೇರಿಯಿಂದ ನೇರವಾಗಿ ನನ್ನ ಮೇಜಿಗೆ ಬಂತು, ಯಾಕೆಂದರೆ ಅಷ್ಟು ಹೊತ್ತಿಗೆ ಪತ್ರವ್ಯವಹಾರ ನನ್ನ ಪಾಲಿಗೆ ಬಿದ್ದಿತ್ತು. ಮೆಟ್ಟಿಲಿಳಿದು ಹೋಗಿ “ಸೈಮಿ, ಬಂತು” ಎಂದಿದ್ದರೆ ಸಾಕಿತ್ತು. ಹದಿನಾಲ್ಕು ಮೆಟ್ಟಿಲು. ಆಮೇಲೆ ಎಷ್ಟೋ ಸಲ ಎಣಿಸಿದ್ದೇನೆ.

ಆದರೆ ನನಗೊಂದು ಆಲೋಚನೆ ಬಂತು. ಜೂನಿನಲ್ಲಿ ಸೈಮಿಗೆ ನಿವೃತ್ತಿ. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ನಮ್ಮ ವೃತ್ತಿಯಲ್ಲಿ ನಾಚಿಕೆಗೇಡು. ಆದ್ದರಿಂದ ಯಾರನ್ನಾದರೂ ಗೌರವಿಸಬೇಕಾದರೆ ಉಳಿದವರು ಕದ್ದುಮುಚ್ಚಿ ಮಾಡುತ್ತಾರೆ. ಗುಟ್ಟು ಎಷ್ಟು ಗಟ್ಟಿಯೋ ಗೌರವ ಅಷ್ಟು ದೊಡ್ಡದು. ಫಲಕ ತೆಗೆದಿದ್ದ ತೊರ್ಕೆಲಿ ಡಾಕ್ಟರು ತೀರಿಕೊಂಡಿದ್ದರು, ಹೆಸರಿಡುವ ಹಕ್ಕು ವೀಕ್ಷಣಾಲಯಕ್ಕೆ, ಎಂದರೆ ನನ್ನ ಟೈಪ್‌ರೈಟರಿಗೆ ಬಂದಿತ್ತು. ಆ ತಿಂಗಳು ನಮಗೆ ಮೂರು ನಂಬರು ಬಂದಿದ್ದವು. ಅವುಗಳಲ್ಲಿ ಸೈಮಿ ಇಪ್ಪತ್ತಮೂರು ವರ್ಷ ಹುಡುಕಿದ್ದನ್ನೇ ಆರಿಸಿದೆ. ಪ್ರೀತಿಯಿಂದಲೇ ಆರಿಸಿದೆ. ಇನ್ನೆರಡರಲ್ಲಿ ಯಾವುದನ್ನು ಮುಟ್ಟಿದ್ದರೂ ಈ ಬರಹಕ್ಕೆ ಕಾರಣವಿರುತ್ತಿರಲಿಲ್ಲ.

ಹಿಲ್ಕಳಿಗೆ ಮಾತ್ರ ಹೇಳಿದೆ, ಕೇಕ್ ಅವಳು ಮಾಡಬೇಕಲ್ಲ.

“ಅವಳನ್ನ ಒಂದ್ಮಾತು ಕೇಳು,” ಎಂದಳು.

“ಕೇಳಿದ್ರೆ ಬೇಡ ಅಂತಾರೆ. ಅವರ ಸ್ವಭಾವ ನಿಮಗೆ ಗೊತ್ತಿಲ್ವಾ?”

“ಬೇಡ ಅಂದ್ರೆ ನಿಜವಾಗ್ಲೂ ಬೇಡ ಅಂತಾನೂ ಇರ್ಬೋದಲ್ಲ, ಮಾರಾಯ.”

“ಹಿಲ್ಕ, ನೀವು ಕೇಕ್ ನೋಡ್ಕೊಳ್ಳಿ. ಆಕಾಶ ನನಗೆ ಬಿಡಿ.”

ಆಕಾಶವನ್ನು ನನಗೆ ಬಿಟ್ಟಳು.

ಅತ್ತ ಸೈಮಿ ಪ್ರತಿ ಸೋಮವಾರ ನನ್ನ ಬಾಗಿಲಿಗೆ ಬಂದು ಕೇಳುತ್ತಿದ್ದರು: “ಸುತ್ತೋಲೆ ಬಂತಾ?”

“ಬಂತು. ನಿಮ್ದು ಇಲ್ಲ,” ಎನ್ನುತ್ತಿದ್ದೆ, ಗಂಭೀರವಾಗಿ.

ಮೇ ತಿಂಗಳ ಒಂದು ಸೋಮವಾರ ಅವರು ಬಾಗಿಲು ದಾಟಿ ಒಳಗೆ ಬಂದರು. “ನಾನು ಇಲ್ಲಿಂದ ಹೋಗೋದ್ರೊಳಗೆ ಬಂದಿದ್ರೆ ಒಳ್ಳೇದಿತ್ತು. ಒಂದು ಕೆಲಸ ಬಾಕಿ ಇದೆ,” ಎಂದರು.

“ಬರುತ್ತೆ ಬಿಡಿ,” ಎಂದು ನಾನು ನಗು ತಡೆಯಲು ಕರವಸ್ತ್ರ ಅಡ್ಡ ಹಿಡಿದೆ.

ಜೂನ್, ನಡುಬೇಸಿಗೆಯ ಹಬ್ಬಕ್ಕೆ ಒಂದು ವಾರ ಮುಂಚೆ. ಕಾಫಿಯ ಕೋಣೆಯಲ್ಲಿ ಲೈಲ್ಯಾಕ್ ಹೂ, ಸ್ಟ್ರಾಬೆರಿ ಕೇಕು, ತೊಳೆದಿಟ್ಟ ಒಳ್ಳೆಯ ಬಟ್ಟಲುಗಳು. ನಾನು ಎದ್ದು ನಿಂತು, ಹೊಸ ಸುತ್ತೋಲೆ ಹಿಡಿದು, ಮೊದಲು ನನ್ನ ನಾಲ್ಕು ಹಾಸ್ಯ ಹೇಳಿ, ಆಮೇಲೆ ಒಂದು ಕ್ಷುದ್ರಗ್ರಹಕ್ಕೆ ಸೈಮಿ ಎಂದು ಹೆಸರಾಗಿದೆ ಎಂದೆ. ಅವರ ಕೆನ್ನೆ ಕೆಂಪಾಯಿತು. “ನನ್ನ ಹೆಸ್ರಾ? ನನ್ನದ್ಯಾಕೆ,” ಎಂದು ಮುಗುಳ್ನಕ್ಕರು. ಅವರು ಹಾಗೆ ನಕ್ಕದ್ದನ್ನು ಹದಿನೈದು ವರ್ಷದಲ್ಲಿ ನಾನು ನೋಡಿರಲಿಲ್ಲ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಾನು ಮುಂದೆ ಓದಿದೆ: ಐವತ್ತನಾಲ್ಕರ ಮಾರ್ಚಿನಲ್ಲಿ ಕಂಡದ್ದು, ಇಪ್ಪತ್ತಮೂರು ವರ್ಷ ಕಳೆದುಹೋಗಿದ್ದದ್ದು.

ಸೈಮಿ ಬಟ್ಟಲನ್ನು ತಟ್ಟೆಯ ಮೇಲೆ ಸದ್ದಾಗದ ಹಾಗೆ ಇಟ್ಟರು.

“ಯಾವ್ದು ಅಂದೆ?”

ಮತ್ತೆ ಓದಿದೆ.

“ನಂಬರ್ ಯಾವಾಗ ಬಂತು?”

“ಜನವರೀಲೇ. ನಿಮ್ಮಿಂದ ಮುಚ್ಚಿಡೋದಕ್ಕೆ ಎಷ್ಟು ಕಷ್ಟಪಟ್ಟೆ ಗೊತ್ತಾ?”

“ಅಚ್ಚಾಗಿದೆಯಾ?”

“ಆಗಿದೆ, ನೋಡಿ, ಇಲ್ಲೇ ಇದೆ.”

“ಬದಲಾಯ್ಸೋಕೆ ಆಗುತ್ತಾ?”

“ಹೆದರ್ಬೇಡಿ ಸೈಮಿ,” ಎಂದೆ, ಎಲ್ಲರಿಗೂ ಕೇಳುವಂತೆ. “ಇನ್ನು ಅದನ್ನ ನಿಮ್ಮಿಂದ ಯಾರೂ ಕಿತ್ಕೊಳ್ಳೋಕಾಗಲ್ಲ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಸೈಮಿ ಎದ್ದು ನಿಂತು ಎಲ್ಲರಿಗೂ ಥ್ಯಾಂಕ್ಸ್ ಹೇಳಿದರು, ಕೇಕನ್ನು ಸಮನಾಗಿ ಕತ್ತರಿಸಿ ಹಂಚಿದರು, ತಮ್ಮ ಬಟ್ಟಲನ್ನು ತಾವೇ ತೊಳೆದಿಟ್ಟರು. ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತು, “ಕೌಕೊ, ನೀನು ಒಳ್ಳೇದಕ್ಕೇ ಮಾಡಿದ್ದು,” ಎಂದರು. ಅದನ್ನು ಹೊಗಳಿಕೆ ಎಂದುಕೊಂಡು ಮನೆಗೆ ಹೋಗಿ ಹೆಂಡತಿಯ ಮುಂದೆ ಎರಡು ಸಲ ಹೇಳಿದೆ.

ಸೆಪ್ಟೆಂಬರಿನಲ್ಲಿ ಆ ಮೊದಲ ಫಲಕದ ಚಿತ್ರವೊಂದನ್ನು ಚೌಕಟ್ಟು ಹಾಕಿಸಿ ಅವರಿಗೆ ಕೊಡೋಣವೆಂದು ಬೀರು ತೆರೆದೆ. ಒಳ್ಳೆಯತನ ಒಮ್ಮೆ ಹತ್ತಿದರೆ ಬೇಗ ಬಿಡುವುದಿಲ್ಲ. ಫಲಕದ ಕಾಗದದ ಚೀಲದಲ್ಲಿ ಗಾಜಿನ ಜೊತೆ ಇನ್ನೆರಡು ಇದ್ದವು. ಒಂದು, ಹೆಸರು ಸೂಚಿಸುವ ನಮ್ಮ ಹಳೆಯ ಕಾರ್ಡು. ನಂಬರಿನ ಜಾಗ ಖಾಲಿ. ಹೆಸರು: ಐಲಿ. ಕಾರಣ: ಇದನ್ನು ಫಲಕದ ಮೇಲೆ ಮೊದಲು ಕಂಡವಳು, ವಯಸ್ಸು ಆರು. ಇನ್ನೊಂದು, ಪೆನ್ಸಿಲ್ಲಿನಲ್ಲಿ ಮಗು ಬರೆದ ಚಿತ್ರ. ತುಂಬ ಜೋಡಿ ಗುಂಡಿಗಳು, ಎಲ್ಲವೂ ನೆಟ್ಟಗೆ. ಒಂದು ಜೋಡಿ ಮಾತ್ರ ವಾಲಿಕೊಂಡು ನಡೆಯುತ್ತಿದೆ. ಅದಕ್ಕೆ ಬೂಟು ತೊಡಿಸಿದ್ದಳು.

ಅಳತೆ ಪುಸ್ತಕ ತೆಗೆದೆ. ‘ಕಂಡವರು’ ಖಾಲಿ.

ನಾನು ನೆಲದ ಮೇಲೆ ಕೂತಿದ್ದಾಗ ಹಿಲ್ಕ ಒರೆಸುವ ಬಟ್ಟೆ ಹಿಡಿದು ಬಂದಳು. ಕಾರ್ಡನ್ನು ಕೈಗೆ ಕೊಟ್ಟೆ. ಓದಿದಳು. ಹದಿಮೂರು ವರ್ಷದಿಂದ ನನ್ನ ಬೂಟಿನ ಕೊಳೆಗೂ ಒಂದು ಮಾತು ತಯಾರಿಟ್ಟುಕೊಂಡಿದ್ದವಳು, ಅಂದು ಕಾರ್ಡನ್ನು ವಾಪಸು ಕೊಟ್ಟು ನನ್ನ ಸುತ್ತಲಿನ ನೆಲವನ್ನು ಒರೆಸಿಕೊಂಡು ಹೋದಳು.

ಅದೇ ದಿನ ಹೆಸರಿನ ಸಮಿತಿಗೆ ನಾಲ್ಕು ಪುಟ ಬರೆದೆ. ನನ್ನ ಜೀವಮಾನದಲ್ಲಿ ಹಾಸ್ಯವಿಲ್ಲದೆ ಬರೆದ ನಾಲ್ಕು ಪುಟ ಅವು. ಮೂರು ವಾರಕ್ಕೆ ಎರಡು ಸಾಲಿನ ಉತ್ತರ ಬಂತು. ಅಚ್ಚಾದ ಹೆಸರನ್ನು ಬದಲಿಸುವುದಿಲ್ಲ. ತಮ್ಮ ದುಃಖದಲ್ಲಿ ನಾವೂ ಭಾಗಿಗಳು. ಅವರದು ತಪ್ಪಲ್ಲ. ಪ್ರತಿಯೊಬ್ಬರ ಪಶ್ಚಾತ್ತಾಪಕ್ಕೂ ಹೆಸರು ಬದಲಿಸುತ್ತ ಹೋದರೆ ಆಕಾಶದಲ್ಲಿ ಯಾರು ಯಾರೆಂದು ಯಾರಿಗೂ ತಿಳಿಯದು.

ಫಲಕವನ್ನು ಕಟ್ಟಡದಿಂದ ಹೊರಗೆ ಒಯ್ಯಬಾರದು ಎಂಬುದು ನಮ್ಮ ನಿಯಮಗಳಲ್ಲಿ ಮೊದಲನೆಯದು. ಅದನ್ನು ನನ್ನ ಉಣ್ಣೆಯ ಶಾಲಿನಲ್ಲಿ ಸುತ್ತಿ, ಪುಸ್ತಕವನ್ನು ಬಗಲಿಗೆ ಹಾಕಿ, ಊರ ಬಸ್ಸು ಹತ್ತಿದೆ.

ಸೈಮಿ ಬಾಗಿಲು ತೆಗೆದು ನನ್ನ ಮುಖ ನೋಡಿದರು. “ಗೊತ್ತಾಯ್ತಾ?” ಎಂದರು. ಕಾಫಿಗೆ ನೀರಿಟ್ಟರು.

“ಯಾಕೆ ಹೇಳ್ಲಿಲ್ಲ ಸೈಮಿ? ಆವತ್ತೇ ಒಂದ್ಮಾತು ಹೇಳಿದ್ರೆ…”

“ಅಚ್ಚಾಗಿದೆ ಅಂದೆಯಲ್ಲ.”

“ಬೈಯಿರಿ ನನ್ನ.”

“ಬೈದ್ರೆ ನಿನಗೆ ಹಗುರ ಆಗುತ್ತೆ. ನನಗೇನು?”

ಸಮಿತಿಯ ಉತ್ತರ ತೋರಿಸಿದೆ. ಓದಿ ಮಡಚಿ ಕೊಟ್ಟರು. ನಮ್ಮಲ್ಲಿ ನಂಬರು ಬಂದೂ ಹೆಸರಿಲ್ಲದವು ಇನ್ನೂ ಹನ್ನೊಂದಿವೆ, ಅವುಗಳಲ್ಲಿ ಚೆನ್ನಾಗಿರುವುದೊಂದಕ್ಕೆ ಐಲಿ ಎಂದು ನಾಳೆಯೇ ಬರೆಯುತ್ತೇನೆ ಎಂದೆ. ಅವರು ಸಕ್ಕರೆ ಹಾಕದ ಕಾಫಿಯನ್ನು ಬಹಳ ಹೊತ್ತು ಕಲಕಿದರು.

“ಅವನ್ನ ಅವಳು ನೋಡಿಲ್ಲ, ಕೌಕೊ.”

ಆಮೇಲೆ ಆ ಮಾರ್ಚ್ ದಿನದ ಕತೆಯನ್ನೆಲ್ಲ ಹೇಳಿದರು, ಅಳತೆ ಓದುವ ದನಿಯಲ್ಲಿ. ಕೊನೆಗೆ, “ಆಸ್ಪತ್ರೇಲೂ ಕೇಳಿದ್ಲು, ನಂಬರ್ ಬಂತಾ ಅಂತ. ಮಾತಾಡೋಕೆ ಆಗ್ತಿದ್ದ ಕೊನೇ ದಿನ,” ಎಂದರು.

“ನೀವೇನಂದ್ರಿ?”

“ಬಂತು ಅಂದೆ. ನಿನ್ನ ಹೆಸ್ರೂ ಇಟ್ಟಾಯ್ತು ಅಂದೆ.” ಕಿಟಕಿಯ ಕಡೆ ನೋಡಿದರು. “ಆಮೇಲೆ ಮೂವತ್ತು ವರ್ಷ ಅದನ್ನ ನಿಜ ಮಾಡೋದಕ್ಕೆ ನೋಡಿದೆ.”

ಶಾಲು ಬಿಚ್ಚಿ ಫಲಕ ಹೊರತೆಗೆದೆ. ಸೈಮಿಯ ಮುಖಕ್ಕೆ ಆ ಮಧ್ಯಾಹ್ನ ಮೊದಲ ಸಲ ಸಿಟ್ಟು ಬಂತು.

“ಗಾಜನ್ನ ಬಸ್ಸಲ್ಲಿ ತಂದ್ಯಾ? ನಿನಗೇನು ಬುದ್ಧಿ ಗಿದ್ಧಿ ಇದೆಯಾ?”

“ಇಲ್ಲ,” ಎಂದೆ.

ಪಾತ್ರೆ ಒರೆಸುವ ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಅಂಚಿನಲ್ಲಿ ಎರಡು ಬೆರಳಿಂದ ಹಿಡಿದು, ಫಲಕವನ್ನು ಅಡುಗೆಮನೆಯ ಕಿಟಕಿಯ ಬೆಳಕಿಗೆ ಎತ್ತಿದರು. ಇನ್ನೊಂದು ಕೈಯಲ್ಲಿ ಪತ್ರಿಕೆ ಓದುವ ಭೂತಗನ್ನಡಿ. ಅವರು ಹುಡುಕಲಿಲ್ಲ. ಹತ್ತು ಸಾವಿರ ಜೋಡಿಗಳ ನಡುವೆ ಕೈ ನೇರವಾಗಿ ಅಲ್ಲಿಗೇ ಹೋಗಿ ನಿಂತಿತು.

“ಇನ್ನೂ ವಾಲ್ಕೊಂಡೇ ಇದೆ,” ಎಂದರು.

ನಾನು ಪುಸ್ತಕ ತೆರೆದು ಆ ಪುಟ ಮುಂದಿಟ್ಟೆ. ಲೇಖನಿಯ ಮುಚ್ಚಳ ತೆಗೆದು ಕೊಟ್ಟೆ. “ಇದು ನಮ್ಮ ಪುಸ್ತಕ. ಇದಕ್ಕೆ ಯಾವ ಸಮಿತೀನೂ ಇಲ್ಲ. ಬರೀರಿ.”

ಅವರು ಲೇಖನಿ ತೆಗೆದುಕೊಂಡರು. ಅಂಕಣದ ಮೇಲೆ ಅದರ ತುದಿ ಬಂದು ನಿಂತಿತು. ಎಷ್ಟು ಹೊತ್ತು ಎಂದು ನಾನು ಅಳೆಯಲಿಲ್ಲ. ಆಮೇಲೆ ಮುಚ್ಚಳ ಹಾಕಿ ನನಗೆ ವಾಪಸು ಕೊಟ್ಟರು.

“ಆವತ್ತೇ ಬರೀಬೇಕಿತ್ತು. ನೋಡ್ತಾ ಇರೋವಾಗ. ಹೆದರ್ಕೊಂಡು ಬಿಟ್ಟೆ.” ಪುಸ್ತಕ ಮುಚ್ಚಿದರು. “ಈಗ ಬರೆದ್ರೆ ಅದು ಅಳತೆ ಅಲ್ಲ. ನೀನೂ ಬರೀಬೇಡ. ನಾನು ಸತ್ತ ಮೇಲೂ.”

ಹೊರಡುವಾಗ ಫಲಕವನ್ನು ಅವರೇ ಶಾಲಿನಲ್ಲಿ ಸುತ್ತಿದರು, ನಾನು ಸುತ್ತಿದ್ದಕ್ಕಿಂತ ಎರಡು ಸುತ್ತು ಹೆಚ್ಚು. ತುದಿಯನ್ನು ಒಳಗೆ ಸಿಕ್ಕಿಸಿ, ಗಾಳಿ ತಾಗದ ಹಾಗೆ ಸರಿಪಡಿಸಿ, ನನ್ನ ಎರಡೂ ಕೈಯ ಮೇಲೆ ಇಟ್ಟರು.

“ಬಸ್ಸಲ್ಲಿ ಸೀಟಿನ ಮೇಲೆ ಇಡಬೇಡ,” ಎಂದರು. “ತೊಡೆ ಮೇಲೆ ಇಟ್ಕೊ. ತಿರುವು ಬಂದಾಗ ಗಟ್ಟಿಯಾಗಿ ಹಿಡ್ಕೊ.”

ಬಸ್ಸಿನಲ್ಲಿ ಜನ ಕಡಿಮೆ, ಪಕ್ಕದ ಸೀಟು ಖಾಲಿಯಿತ್ತು. ಗುಡ್ಡದ ತನಕ ಏಳು ತಿರುವು. ನಾನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದೆ.